60 ಪೌಂಡ್ ಗಾಳಿಯ ರಾಕೆಟ್

ನಮ್ಮ ಮನೆಯಲ್ಲಿ ರಾಕೆಟ್ ಕೆಲಸ ಶುರುವಾಗುವುದು ರಾತ್ರಿ ಒಂಬತ್ತೂವರೆಗೆ, ಊಟದ ಮೇಜು ಒರೆಸಿದ ಮೇಲೆ. ತುಮಕೂರಿನ ಬಾಡಿಗೆ ಮನೆ, ಬೇರೆ ಜಾಗವಿಲ್ಲ. ಕತ್ತರಿ, ಟೇಪು, ದಾರ, ಸ್ಕೇಲು ಎಲ್ಲ ಒಂದು ಶೂ ಡಬ್ಬದಲ್ಲಿರುತ್ತವೆ. ಬಾಟಲಿಗಳು ಸಜ್ಜೆಯ ಮೇಲೆ. ಹತ್ತೂವರೆಗೆ ಮಗಳು ಮಲಗಬೇಕು. ಅಂದರೆ ದಿನಕ್ಕೆ ಒಂದು ಗಂಟೆ, ಅದೂ ಎಲ್ಲ ದಿನ ಸಿಗುವುದಿಲ್ಲ.

ನಾವು ಮಾಡುವುದು ಬಾಟಲಿಗೆ ನೀರು ಹಾಕಿ, ಗಾಳಿ ತುಂಬಿ ಹಾರಿಸುವ ನೀರಿನ ರಾಕೆಟ್. ಆದರೆ ಮೊದಲು ನನಗೆ ಬೇಕಾಗಿದ್ದದ್ದು ಅದಲ್ಲ. ಅಮೆರಿಕದಲ್ಲಿ ಹವ್ಯಾಸಿಗಳು ಅಂಗಡಿಯಿಂದ ತಂದು ಹಾರಿಸುವ ಮಾದರಿ ರಾಕೆಟ್ ಬೇಕಿತ್ತು. ಅದರ ಮೋಟಾರು ಹೆಬ್ಬೆರಳಿನಷ್ಟು ದಪ್ಪದ ರಟ್ಟಿನ ಕೊಳವೆ. ಒಳಗೆ ಗಟ್ಟಿಯಾಗಿ ಅದುಮಿದ ಕಪ್ಪು ಮದ್ದು, ಕೆಳಗೆ ಜೇಡಿಮಣ್ಣಿನ ಮೂತಿ. ಮೇಲೆ ‘ಸಿ6-5’ ಅಂತ ಏನೋ ಬರೆದಿರುತ್ತದೆ. ಆ ಅಕ್ಷರ ಮೋಟಾರಿನ ಒಟ್ಟು ನೂಕು ಎಷ್ಟು ಅಂತ ಹೇಳುತ್ತದೆ. ‘ಎ’ಗಿಂತ ‘ಬಿ’ ಎರಡರಷ್ಟು, ‘ಬಿ’ಗಿಂತ ‘ಸಿ’ ಎರಡರಷ್ಟು, ಹೀಗೆ. 6 ಅಂದರೆ ಸರಾಸರಿ ಆರು ನ್ಯೂಟನ್ ಬಲ. ಕೊನೆಯ 5 ಅಂದರೆ, ಉರಿದು ಮುಗಿದ ಐದು ಸೆಕೆಂಡಿಗೆ ಒಂದು ಸಣ್ಣ ಮದ್ದು ಸಿಡಿದು ಪ್ಯಾರಾಚೂಟ್ ಹೊರಗೆ ಬರುತ್ತದೆ.

ಇಂಥದ್ದನ್ನು ನಾವು ಮನೆಯಲ್ಲಿ ಮಾಡುವ ಹಾಗಿಲ್ಲ. ನಮ್ಮಲ್ಲಿ ಮದ್ದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ನಿಯಮಗಳ ಕೆಳಗೆ ಬರುತ್ತದೆ. ಲೈಸೆನ್ಸ್ ಇಲ್ಲದೆ ತಯಾರಿಸುವುದು ಅಪರಾಧ. ಇದರ ಬಗ್ಗೆ ನನಗೆ ಬೇಸರವಿಲ್ಲ. ಮಾದರಿ ರಾಕೆಟ್ ಹವ್ಯಾಸ ಬೆಳೆದದ್ದೇ ಮದ್ದನ್ನು ಮನೆಯವರ ಕೈಯಿಂದ ತಪ್ಪಿಸುವುದಕ್ಕೆ. ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಎಂಬವರು ಶೂ ಅಂಗಡಿ ಇಟ್ಟುಕೊಂಡಿದ್ದರು. 1954ರಲ್ಲಿ ಅವರು ತಮ್ಮ ಸಹೋದರ ರಾಬರ್ಟ್ ಜೊತೆ ಸೇರಿ, ಮೋಟಾರು ಬದಲಾಯಿಸಿ ಮತ್ತೆ ಮತ್ತೆ ಹಾರಿಸಬಹುದಾದ ಕಾಗದದ ರಾಕೆಟ್ ಮಾಡಿದರು. ಆ ಕಾಲದಲ್ಲಿ ಹುಡುಗರು ಮನೆಯಲ್ಲೇ ಮದ್ದು ಬೆರೆಸಿ ಗಾಯ ಮಾಡಿಕೊಳ್ಳುತ್ತಿದ್ದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸ ಮಾಡಿದ್ದ ಹ್ಯಾರಿ ಸ್ಟೈನ್ 1957ರಲ್ಲಿ ರಾಕೆಟ್ ಕೆಲಸದ ಸುರಕ್ಷತೆಯ ಬಗ್ಗೆ ಒಂದು ಲೇಖನ ಬರೆದರು. ಅದನ್ನು ಓದಿದ ಕಾರ್ಲೈಲ್ ತಮ್ಮ ರಾಕೆಟ್‌ಗಳನ್ನು ಸ್ಟೈನ್‌ಗೆ ಕಳಿಸಿಕೊಟ್ಟರು. ಮಾದರಿ ರಾಕೆಟ್ ಅಂಗಡಿಗೆ ಬಂದದ್ದು ಆ ಪಾರ್ಸೆಲ್‌ನಿಂದ. ಕಾರ್ಖಾನೆಯಲ್ಲಿ ಅಳತೆ ಮಾಡಿ ತುಂಬಿದ ಮೋಟಾರು ಸಿಕ್ಕರೆ ಹುಡುಗರು ಮದ್ದು ಮುಟ್ಟಬೇಕಿಲ್ಲ, ಅಷ್ಟೇ ಅದರ ಹಿಂದಿನ ಯೋಚನೆ.

ನನ್ನ ಕೈಗೆ ಆ ಮೋಟಾರೂ ಬರಲಿಲ್ಲ. ಬಂದದ್ದು ಎರಡು ಲೀಟರಿನ ತಂಪು ಪಾನೀಯದ ಬಾಟಲಿ.

ಖಾಲಿ ಬಾಟಲಿಗೆ ಬರೀ ಗಾಳಿ ತುಂಬಿ ಬಿಟ್ಟರೆ ಅದು ಸ್ವಲ್ಪ ದೂರ ಹಾರಿ ಬೀಳುತ್ತದೆ. ಗಾಳಿ ತೀರಾ ಹಗುರ. ತೆಪ್ಪದಲ್ಲಿ ಕೂತು ಹತ್ತಿಯ ಉಂಡೆಯನ್ನು ಹಿಂದಕ್ಕೆ ಎಸೆದರೆ ತೆಪ್ಪ ಮುಂದೆ ಹೋಗುವುದಿಲ್ಲ, ದಪ್ಪ ಕಲ್ಲು ಎಸೆದರೆ ಹೋಗುತ್ತದೆ ಅಲ್ವಾ? ಇಲ್ಲಿ ನೀರೇ ಆ ಕಲ್ಲು. ಆದರೆ ನೀರನ್ನು ಅದುಮಿ ಶಕ್ತಿ ಕೂಡಿಡಲು ಆಗುವುದಿಲ್ಲ, ಗಾಳಿಯನ್ನು ಅದುಮಬಹುದು. ಹಾಗಾಗಿ ಎರಡೂ ಬೇಕು. ನೀರು ಜಾಸ್ತಿಯಾದರೆ ಗಾಳಿಗೆ ಜಾಗವಿಲ್ಲ, ನೂಕಿ ಮುಗಿಸುವ ಮೊದಲೇ ಒತ್ತಡ ಸೋತುಹೋಗುತ್ತದೆ. ಕಡಿಮೆಯಾದರೆ ಎಸೆಯಲು ಏನೂ ಇರುವುದಿಲ್ಲ. ಬಾಟಲಿಯ ಮೂರನೇ ಒಂದು ಭಾಗ, ಅಂದರೆ ಸುಮಾರು 650 ಮಿಲಿ ಲೀಟರ್ ಹಾಕಿದಾಗ ನಮಗೆ ಒಳ್ಳೆಯ ಹಾರಾಟ ಸಿಕ್ಕಿತು.

ಪಂಕ್ಚರ್ ಅಂಗಡಿಯಲ್ಲಿ ಗಾಳಿಯನ್ನು ಪೌಂಡ್‌ನಲ್ಲಿ ಹೇಳುತ್ತಾರೆ. ಬೈಕಿನ ಟೈರಿಗೆ ಮೂವತ್ತರ ಆಸುಪಾಸು. ನಾವು ಬಾಟಲಿಗೆ ಹಾಕುವುದು 60 ಪೌಂಡ್, ಅಂದರೆ ಹೊರಗಿನ ಗಾಳಿಗಿಂತ ನಾಲ್ಕು ವಾಯುಮಂಡಲದಷ್ಟು ಜಾಸ್ತಿ ಒತ್ತಡ. ಬಾಟಲಿಯ ಬಾಯಿಯ ಒಳ ಅಗಲ 22 ಮಿಲಿಮೀಟರ್. ಬಾಯಿಯ ವಿಸ್ತೀರ್ಣವನ್ನು ಒತ್ತಡದಿಂದ ಗುಣಿಸಿ ಎರಡರಷ್ಟು ಮಾಡಿದರೆ ನೂಕುಬಲ ಸಿಗುತ್ತದೆ. ಮೊದಲ ಸಲ ಲೆಕ್ಕ ಹಾಕಿದಾಗ ನಂಬಿಕೆ ಬರದೆ ಮತ್ತೊಮ್ಮೆ ಹಾಕಿದೆ. 300 ನ್ಯೂಟನ್. ಅರ್ಧ ಸಿಮೆಂಟ್ ಮೂಟೆಗಿಂತ ಜಾಸ್ತಿ ತೂಕ ಎತ್ತುವ ಬಲ. ನೀರು ಹೊರಬೀಳುವ ವೇಗ ಗಂಟೆಗೆ ಸುಮಾರು 100 ಕಿಲೋಮೀಟರ್. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎಲ್ಲ ಖಾಲಿ.

ಆ ನೂಕನ್ನು ಒಟ್ಟು ಮಾಡಿದರೆ, ಅಂದರೆ ಸರಾಸರಿ ಬಲವನ್ನು ಅದು ಇದ್ದ ಹೊತ್ತಿನಿಂದ ಗುಣಿಸಿದರೆ, ಸುಮಾರು 15 ನ್ಯೂಟನ್ ಸೆಕೆಂಡ್ ಆಗುತ್ತದೆ. ಅಕ್ಷರದ ಲೆಕ್ಕದಲ್ಲಿ 10ರಿಂದ 20ರವರೆಗೆ ‘ಡಿ’. ನನಗೆ ಸಿಗದೇ ಹೋದ ‘ಸಿ’ ಮೋಟಾರಿಗಿಂತ ಒಂದು ಮೆಟ್ಟಿಲು ಮೇಲೆ! ಅವತ್ತು ರಾತ್ರಿ ತುಂಬಾ ಖುಷಿಯಾಯಿತು. ಸಜ್ಜೆಯ ಮೇಲಿನ ಬಾಟಲಿ ಆಟಿಕೆಯಲ್ಲ, ಪೂರ್ತಿ ರಾಕೆಟ್ ಅಂತ ಗೊತ್ತಾದದ್ದು ಆಗ.

ಒಂದು ವ್ಯತ್ಯಾಸವಿದೆ. ಮದ್ದಿನ ಮೋಟಾರು ತನ್ನ ಕೆಲಸವನ್ನು ಒಂದೂವರೆ ಸೆಕೆಂಡಿನಷ್ಟು ಹೊತ್ತು ಹಂಚಿಕೊಂಡು ಮಾಡುತ್ತದೆ. ನೀರು ಒಂದೇ ಏಟಿಗೆ ಮುಗಿಸುತ್ತದೆ. ಆ ಹೊಡೆತಕ್ಕೆ ನಮ್ಮ ಮೊದಲ ರೆಕ್ಕೆಗಳು ನೆಲದಲ್ಲೇ ಕಿತ್ತುಬಂದವು. ಬಿಸಿ ಅಂಟಿನಿಂದ ಅಂಟಿಸಲು ಹೋದರೆ ಬಾಟಲಿಯೇ ಸುಕ್ಕಾಯಿತು. ಬೇಗ ಹಿಡಿಯುವ ಅಂಟು ಹಾಕಿದರೆ ಅಲ್ಲಿ ಪ್ಲಾಸ್ಟಿಕ್ ಪೆಡಸಾಗಿ ಗೆರೆ ಬಿಟ್ಟಿತು. ಆ ಬಾಟಲಿಯನ್ನು ಅಲ್ಲೇ ಕತ್ತರಿಸಿ ಎಸೆದೆ. ಕೊನೆಗೆ ಗೆದ್ದದ್ದು ಎರಡು ಬದಿ ಅಂಟುವ ಸ್ಪಂಜಿನ ಟೇಪು, ಅದರ ಮೇಲೆ ಸುತ್ತಿದ ಅಗಲ ಟೇಪು. ರೆಕ್ಕೆಗಳನ್ನು ಫ್ಲೆಕ್ಸ್ ಅಂಗಡಿಯವರು ಎಸೆಯುವ ಸನ್‌ಬೋರ್ಡ್ ತುಂಡಿನಲ್ಲಿ ಕತ್ತರಿಸಿಕೊಂಡೆವು.

ರೆಕ್ಕೆ ನಿಂತರೂ ರಾಕೆಟ್ ನೆಟ್ಟಗೆ ಹೋಗಲಿಲ್ಲ. ಹತ್ತು ಹದಿನೈದು ಮೀಟರ್ ಏರಿ, ಪಲ್ಟಿ ಹೊಡೆದು, ಅಡ್ಡಡ್ಡವಾಗಿ ಬೀಳುತ್ತಿತ್ತು. ದೀಪಾವಳಿಯ ರಾಕೆಟ್ ಪಟಾಕಿಯನ್ನು ನೆನೆಸಿಕೊಳ್ಳಿ. ಅದರ ಕಡ್ಡಿ ಮುರಿದಿದ್ದರೆ ಏನಾಗುತ್ತದೆ? ಬೀದಿಯಲ್ಲೆಲ್ಲ ಹುಚ್ಚು ಹಿಡಿದಂತೆ ಓಡುತ್ತದೆ. ಬಾಟಲಿಯಲ್ಲಿ ನಿಲ್ಲಿಸುವುದಕ್ಕೆ ಮಾತ್ರ ಅಲ್ಲ ಆ ಕಡ್ಡಿ ಇರುವುದು. ಹಾರುವ ಯಾವ ವಸ್ತುವೂ ತನ್ನ ತೂಕದ ನಡುಬಿಂದುವಿನ ಸುತ್ತ ತಿರುಗುತ್ತದೆ. ಗಾಳಿಯ ಒತ್ತೆಲ್ಲ ಒಟ್ಟಾಗಿ ಬೀಳುವ ಇನ್ನೊಂದು ಬಿಂದುವಿದೆ. ಗಾಳಿಯ ಬಿಂದು ತೂಕದ ಬಿಂದುವಿಗಿಂತ ಹಿಂದಿದ್ದರೆ, ಮೂಗು ಸ್ವಲ್ಪ ವಾಲಿದರೂ ಗಾಳಿಯೇ ಬಾಲವನ್ನು ತಳ್ಳಿ ನೆಟ್ಟಗೆ ಮಾಡುತ್ತದೆ. ಮುಂದಿದ್ದರೆ ಅದೇ ಗಾಳಿ ಪಲ್ಟಿ ಹೊಡೆಸುತ್ತದೆ. ಉದ್ದದ ಕಡ್ಡಿ ಗಾಳಿಯ ಬಿಂದುವನ್ನು ಹಿಂದಕ್ಕೆ ಎಳೆದು ಇಡುತ್ತದೆ.

ಟಿಪ್ಪು ಕಾಲದ ಮೈಸೂರಿನ ರಾಕೆಟ್‌ಗಳೂ ಹೀಗೇ ಹಾರಿದ್ದು, ಕಬ್ಬಿಣದ ಕೊಳವೆಗೆ ಉದ್ದದ ಬಿದಿರು ಕಟ್ಟಿಕೊಂಡು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಒಂದು ಹಳೆಯ ಬಾವಿಯಿಂದ ಅಂಥ ಸಾವಿರಕ್ಕೂ ಜಾಸ್ತಿ ಕೊಳವೆಗಳನ್ನು ಹೊರತೆಗೆದರು. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಮ್ಯೂಸಿಯಂನಲ್ಲಿ ಅವನ್ನು ನೋಡಬಹುದು. ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ.

ನಮ್ಮ ರಾಕೆಟ್‌ನ ಪಲ್ಟಿಗೆ ಪರಿಹಾರ ಸಿಕ್ಕಿದ್ದು ಗೌರಿ ಗಣೇಶ ಹಬ್ಬದಲ್ಲಿ ಉಳಿದಿದ್ದ ಜೇಡಿಮಣ್ಣಿನಲ್ಲಿ. ಮೂಗಿನೊಳಗೆ 40 ಗ್ರಾಂ ಮಣ್ಣು ಮೆತ್ತಿದೆವು. ನೀರಿಲ್ಲದ ರಾಕೆಟ್ ದಾರದಲ್ಲಿ ಸಮ ತೂಗುವ ಜಾಗ ಹುಡುಕಿ, ಅಲ್ಲೇ ಕಟ್ಟಿ, ತಲೆಯ ಮೇಲೆ ಗಿರಗಿರ ತಿರುಗಿಸಿದೆವು. ಮೂಗು ಮುಂದಿಟ್ಟುಕೊಂಡು ಸುತ್ತಿದರೆ ಪಾಸು, ಬಾಲ ಮುಂದಾದರೆ ಫೇಲು. ಪಾಸಾಯಿತು. “ತೂಕ ಜಾಸ್ತಿ ಆಯ್ತಲ್ಲ ಅಪ್ಪಾ, ಇನ್ನೂ ಕೆಳಗೇ ಹೋಗುತ್ತೆ” ಅಂದಳು ಮಗಳು. ನನಗೂ ಅದೇ ಅನುಮಾನ. ಆದರೆ ಆ ಭಾನುವಾರ ರಾಕೆಟ್ ತೆಂಗಿನ ಮರಗಳನ್ನು ದಾಟಿ ಮೇಲೆ ಹೋಯಿತು. ಪಲ್ಟಿ ಹೊಡೆಯುವಾಗ ಗಾಳಿ ಎಷ್ಟು ತಿಂದುಹಾಕುತ್ತಿತ್ತು ಅಂತ ಅವತ್ತು ಕಣ್ಣಾರೆ ಕಂಡೆವು.

ಎತ್ತರ ಅಳೆಯಲು ಕೋನಮಾಪಕ, ದಾರ, ಒಂದು ನಟ್ಟು ಸಾಕು. ಮಗಳು 50 ಮೀಟರ್ ದೂರದಲ್ಲಿ ನಿಂತು, ರಾಕೆಟ್ ತುದಿ ಮುಟ್ಟಿದಾಗ ಕೋನ ನೋಡುತ್ತಾಳೆ. ನಮ್ಮ ಒಳ್ಳೆಯ ಹಾರಾಟದಲ್ಲಿ 38 ಡಿಗ್ರಿ ಬಂತು. ಟ್ಯಾನ್ 38 ಅಂದರೆ 0.78. ಐವತ್ತರಿಂದ ಗುಣಿಸಿದರೆ 39 ಮೀಟರ್, ಅವಳ ಕಣ್ಣಿನ ಎತ್ತರ ಸೇರಿಸಿದರೆ 40. ಒಂಬತ್ತನೇ ಕ್ಲಾಸಿನವರೆಗೂ ಬಾರದ ತ್ರಿಕೋನಮಿತಿಯನ್ನು ಅವಳು ಏಳನೇ ಕ್ಲಾಸಿನಲ್ಲೇ ಕೇಳಿ ಕಲಿತಳು. ಅಮೆರಿಕದ ವಿಜ್ಞಾನಿ ರಾಬರ್ಟ್ ಗೊಡಾರ್ಡ್ 1926ರ ಮಾರ್ಚ್ 16ರಂದು ಹಾರಿಸಿದ ಮೊದಲ ದ್ರವ ಇಂಧನದ ರಾಕೆಟ್ 12.5 ಮೀಟರ್ ಏರಿ ಎರಡೂವರೆ ಸೆಕೆಂಡಿನಲ್ಲಿ ಕೆಳಗೆ ಬಂದಿತ್ತು ಅಂತ ಹೇಳಿದಾಗ ಅವಳು ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಗೊಡಾರ್ಡ್ ಹಾರಿಸಿದ್ದೂ ನೆಂಟರ ಹೊಲದಲ್ಲೇ.

ನಮ್ಮದು ತಿಪಟೂರಿನ ಕಡೆ ನನ್ನ ಭಾವನ ಹೊಲ. ರಾಗಿ ಕೊಯ್ದ ಮೇಲೆ, ಜನವರಿಯಿಂದ ಮುಂಗಾರು ಬಿತ್ತನೆಯವರೆಗೆ ಮಾತ್ರ ಅದು ನಮಗೆ ಸಿಗುತ್ತದೆ. ಊರಿನ ಮೈದಾನದಲ್ಲಿ ಭಾನುವಾರ ನಾಲ್ಕು ಕ್ರಿಕೆಟ್ ಮ್ಯಾಚು ನಡೆಯುತ್ತಿರುತ್ತವೆ, ಅಲ್ಲಿ ಹಾರಿಸುವುದು ತಪ್ಪು. ಬೆಳಗ್ಗೆ ಎಂಟರೊಳಗೆ ಮುಗಿಸುತ್ತೇವೆ, ಆಮೇಲೆ ಗಾಳಿ ಏಳುತ್ತದೆ. ನೆಟ್ಟಗೆ ಹಾರುವ ರಾಕೆಟ್‌ಗೆ ಒಂದು ವಿಚಿತ್ರ ಗುಣವಿದೆ. ಗಾಳಿ ಪಡುವಣದಿಂದ ಬೀಸಿದರೆ ಅದು ಮೂಡಣಕ್ಕೆ ಹೋಗುವುದಿಲ್ಲ, ಪಡುವಣಕ್ಕೇ ಮೂಗು ತಿರುಗಿಸುತ್ತದೆ. ಬಾಲದ ರೆಕ್ಕೆಗೆ ಗಾಳಿ ಹೊಡೆದು ಹಿಂದಕ್ಕೆ ತಳ್ಳುವುದರಿಂದ ಹೀಗೆ. ಇದು ಗೊತ್ತಿಲ್ಲದೆ ನಾವು ಎರಡು ವಾರ ತಪ್ಪು ದಿಕ್ಕಿನಲ್ಲಿ ಹುಡುಕಿದ್ದೇವೆ.

ನೀವೂ ಮಾಡುವುದಾದರೆ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. 60 ಪೌಂಡ್ ತುಂಬಿದ ಆ ಬಾಟಲಿಯಲ್ಲಿ, ವೇಗದ ಬೌಲರ್ ಎಸೆದ ಚೆಂಡಿಗಿಂತ ಎರಡು ಪಟ್ಟು ಮೀರಿದ ಶಕ್ತಿ ಇರುತ್ತದೆ. ಗಾಳಿ ತುಂಬಿದ ಮೇಲೆ ಹತ್ತಿರ ಹೋಗಬಾರದು, ಹತ್ತು ಮೀಟರ್ ದೂರದಿಂದ ಹಗ್ಗ ಎಳೆದು ಬಿಡಬೇಕು, ಕಣ್ಣಿಗೆ ಕನ್ನಡಕ ಬೇಕು. ಪಂಪಿಗೆ ಗೇಜ್ ಇರಲೇಬೇಕು. ನಾವು ದುಡ್ಡು ಕೊಟ್ಟು ತಂದ ಒಂದೇ ದೊಡ್ಡ ಸಾಮಾನು ಅದು. ಗೀರು ಬಿದ್ದ, ಬಿಸಿಲಲ್ಲಿ ಒಣಗಿದ ಬಾಟಲಿ ಬೇಡ. ಹೊಸ ಬಾಟಲಿಯನ್ನು ಮೊದಲು ಅಂಚಿನವರೆಗೆ ನೀರು ತುಂಬಿ ಒತ್ತಡ ಹಾಕಿ ನೋಡುತ್ತೇವೆ. ನೀರು ಅದುಮಿಕೊಳ್ಳುವುದಿಲ್ಲವಾದ್ದರಿಂದ ಬಿರುಕು ಬಿಟ್ಟರೂ ಸಿಡಿಯುವುದಿಲ್ಲ, ಸುಮ್ಮನೆ ಸೋರುತ್ತದೆ.

ಈಗ ಮೇಜಿನ ಮೇಲಿರುವುದು ಪ್ಯಾರಾಚೂಟಿನ ಕೆಲಸ. ಮದ್ದಿಲ್ಲದೆ ಅದನ್ನು ಸರಿಯಾದ ಹೊತ್ತಿಗೆ ಬಿಚ್ಚುವುದು ಹೇಗೆ? ಜಾತ್ರೆಯಲ್ಲಿ ಕೊಂಡ ಕೀ ಕೊಡುವ ಆಟಿಕೆಯೊಂದನ್ನು ಬಿಚ್ಚಿ, ಒಳಗಿನ ಹಲ್ಲು ಚಕ್ರದ ಪೆಟ್ಟಿಗೆಯನ್ನು ಮೂಗಿನ ಪಕ್ಕ ಕೂರಿಸಿದ್ದೇವೆ. ರಾಕೆಟ್ ಮೇಲೆದ್ದ ಕೂಡಲೇ ಒಂದು ಪಿನ್ನು ಕಳಚಿ ಅದು ತಿರುಗಲು ಶುರುಮಾಡುತ್ತದೆ, ಒಂದು ಸುತ್ತು ಮುಗಿದಾಗ ರಬ್ಬರ್ ಬ್ಯಾಂಡು ಜಾರಿ ಮುಚ್ಚಳ ತೆರೆಯುತ್ತದೆ. 40 ಮೀಟರ್ ಏರಲು ಬೇಕಾಗುವುದು 2.8 ಸೆಕೆಂಡಿನ ಆಸುಪಾಸು. ನಿನ್ನೆ ರಾತ್ರಿ ಮಗಳು ಸ್ಟಾಪ್‌ವಾಚ್ ಹಿಡಿದಿದ್ದಳು. ಮೂರು ಸಲವೂ 3.4 ಬಂತು. ಕೀಯನ್ನು ಇನ್ನೂ ಕಾಲು ಸುತ್ತು ಕಡಿಮೆ ಕೊಟ್ಟು ನೋಡಬೇಕು.