ಕಿವಿಗೆ ನೀರು ಹೋಗಿದ್ದಕ್ಕೇ ಮಗುವಿಗೆ ಕಿವಿನೋವು ಬಂತಾ?

ಪ್ರಶ್ನೆ: ನನ್ನ ಒಂದೂವರೆ ವರ್ಷದ ಮಗನಿಗೆ ನೆಗಡಿ ಆದಾಗಲೆಲ್ಲ ಕಿವಿನೋವು. ತಲೆಗೆ ನೀರು ಹಾಕುವಾಗ ಕಿವಿಗೆ ನೀರು ಹೋಗಿದೆ ಅಂತಾರೆ ನಮ್ಮ ಅತ್ತೆ. ಡಾಕ್ಟರ್ ಬ್ಯಾಕ್ಟೀರಿಯಾ ಅಂತಾರೆ. ಕಿವಿಯೊಳಗೆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತೆ?

ಉತ್ತರ: ಮೂಗಿನಿಂದ. ಕಿವಿಯ ತಮಟೆ ತೂತಾಗಿಲ್ಲ ಅಂದರೆ ಸ್ನಾನದ ನೀರಿಗೆ ಮಧ್ಯಕಿವಿಗೆ, ಅಂದರೆ ತಮಟೆಯ ಹಿಂದಿನ ಜಾಗಕ್ಕೆ, ಹೋಗಲು ದಾರಿಯೇ ಇಲ್ಲ.

ನೋವು ಬರುವುದು ನೆಗಡಿಯ ಬೆನ್ನಿಗೇ ಅಂತ ನೀವೇ ಬರೆದಿದ್ದೀರಿ. ಅದೇ ಸುಳಿವು. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಯೂಸ್ಟೇಷಿಯನ್ ನಳಿಕೆ ಅಂತ ಒಂದಿದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಪುಟ್ಟ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಮ್ಮಿ ಮಟ್ಟಸ. ನೆಗಡಿಯ ವೈರಸ್ ಬಂದಾಗ ಈ ನಳಿಕೆ ಊದಿ ಮುಚ್ಚಿಕೊಳ್ಳುತ್ತದೆ, ಮಧ್ಯಕಿವಿಯೊಳಗೆ ಗಾಳಿಯ ಒತ್ತಡ ಇಳಿದು ದ್ರವ ಜಿನುಗಿ ತುಂಬಿಕೊಳ್ಳುತ್ತದೆ, ಅಲ್ಲಿಯವರೆಗೆ ಮೂಗಿನ ಹಿಂದೆ ಸುಮ್ನೆ ಇದ್ದ ಬ್ಯಾಕ್ಟೀರಿಯಾ ಅಲ್ಲಿಗೆ ಸೇರಿಕೊಂಡು ಬೆಳೆಯುತ್ತವೆ. ಆಗ ಕೀವಾಗಿ ತಮಟೆ ಕೆಂಪಾಗಿ ಹೊರಕ್ಕೆ ಉಬ್ಬುತ್ತದೆ. ಡಾಕ್ಟರ್ ಕಿವಿಗೆ ಲೈಟ್ ಹಿಡಿದು ನೋಡುವುದು ಇದನ್ನೇ.

ಮುಖ್ಯವಾಗಿ ಮೂರು ಬ್ಯಾಕ್ಟೀರಿಯಾ: ನ್ಯೂಮೊಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ. ಆರೋಗ್ಯವಾಗಿ ಆಡಿಕೊಂಡಿರುವ ಎಷ್ಟೋ ಮಕ್ಕಳ ಮೂಗಲ್ಲೂ ಇವು ಇರುತ್ತವೆ. ಹಾಗಾಗಿ ಯಾರ ಮನೆಯಿಂದ ಅಂಟಿತು ಅಂತ ಹುಡುಕುತ್ತಾ ಕೂರಬೇಡಿ.

‘ಲಸಿಕೆ ಎಲ್ಲಾ ಹಾಕಿಸಿದ್ದೀವಲ್ಲ’ ಅಂತ ಕೇಳುವವರು ಜಾಸ್ತಿ. ಪೆಂಟಾವೇಲೆಂಟ್‌ನಲ್ಲಿರುವ (ಐದು ರೋಗಗಳಿಗೆ ಒಟ್ಟಿಗೆ ಹಾಕುವ ಲಸಿಕೆ) ಹಿಬ್ ಲಸಿಕೆ ಹಿಮೋಫಿಲಸ್‌ನ ‘ಬಿ’ ಬಗೆಗೆ ಮಾತ್ರ. ಕಿವಿಗೆ ಬರುವುದು ಬಹುತೇಕ ಬೇರೆ ಬಗೆ, ಅದಕ್ಕೆ ಈ ಲಸಿಕೆ ತಾಗುವುದಿಲ್ಲ. ನ್ಯೂಮೊಕಾಕಸ್‌ಗೆ ಪಿಸಿವಿ ಅನ್ನುವ ಲಸಿಕೆ ಇದೆ. ನಮ್ಮ ಸರ್ಕಾರಿ ಲಸಿಕೆ ಪಟ್ಟಿಗೆ ಅದು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿತು, 2021ರಲ್ಲಿ ದೇಶಕ್ಕೆಲ್ಲ ಬಂತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಪುಕ್ಕಟೆ ಹಾಕುತ್ತಾರೆ. ಕಿವಿನೋವನ್ನು ಪೂರ್ತಿ ತಡೆಯುವುದಿಲ್ಲ, ನಿಜ. ಆದರೂ ತಪ್ಪಿಸಬೇಡಿ, ಅದರ ದೊಡ್ಡ ಲಾಭ ನ್ಯುಮೋನಿಯಾ, ಮೆದುಳುಜ್ವರದ ವಿಷಯದಲ್ಲಿ.

ಆಂಟಿಬಯೋಟಿಕ್ ಪ್ರತಿ ಸಲವೂ ಬೇಕಾ? ಇಲ್ಲ. ಎರಡು ವರ್ಷ ದಾಟಿದ ಮಗು, ನೋವು ಜ್ವರ ಕಮ್ಮಿ, ಕಿವಿ ಸೋರುತ್ತಿಲ್ಲ ಅಂದರೆ ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟು ಎರಡು ಮೂರು ದಿನ ಕಾಯಲು ಡಾಕ್ಟರೇ ಹೇಳಬಹುದು. ನಿಮ್ಮ ಮಗನ ವಯಸ್ಸಿನಲ್ಲಿ, ಅದರಲ್ಲೂ ಎರಡೂ ಕಿವಿಗೆ ಬಂದಿದ್ದರೆ, ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಬರೆಯುತ್ತಾರೆ. ಹೇಳಿದಷ್ಟು ದಿನ ಕೊಡಿ. ಹೋದ ಸಲದ ಬಾಟಲಿಯಲ್ಲಿ ಉಳಿದದ್ದನ್ನು ಕೊಡಲೇಬೇಡಿ.

ರಾತ್ರಿಯಿಡೀ ಅತ್ತ ಮಗು ಬೆಳಗಿನ ಜಾವ ಇದ್ದಕ್ಕಿದ್ದಂತೆ ನಿದ್ದೆ ಹೋಯಿತು, ದಿಂಬಿನ ಮೇಲೆ ಹಳದಿ ಕಲೆ ಇದೆ ಅಂದರೆ ತಮಟೆ ತೂತಾಗಿ ಕೀವು ಹೊರಬಂದಿದೆ. ಒತ್ತಡ ಇಳಿದಿದ್ದರಿಂದ ನೋವು ನಿಂತಿರುತ್ತದೆ, ಸೋಂಕು ವಾಸಿಯಾಗಿ ಅಲ್ಲ. ಆ ತೂತು ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಅಂಥ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರೆ ಅದು ನೇರ ಮಧ್ಯಕಿವಿಗೇ ಇಳಿಯುತ್ತದೆ, ಇದನ್ನು ಅತ್ತೆಗೂ ಹೇಳಿ. ಕಿವಿಯ ಹಿಂದೆ ಊದಿ ಕೆಂಪಾಗಿ ಕಿವಿ ಮುಂದಕ್ಕೆ ತಳ್ಳಿದ ಹಾಗೆ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.