ಶೋಧನೆಯ ಜೊತೆಗೇ ಇರುವ ಬಾಗಿಲು: 1 ಕೊರಿಂಥ 10:13ರ ಟಿಪ್ಪಣಿ

ಶುಕ್ರವಾರದ ಕೂಟಕ್ಕೆ ಹೊಸದಾಗಿ ಬಂದ ತಮ್ಮನೊಬ್ಬ ಕೇಳಿದ: "ಅಣ್ಣಾರ, ಶೋಧನೆ ಅಂದ್ರ ಹುಡುಕೋದಲ್ರೀ?" ಅವನು ಕೇಳಿದ್ದು ಸರಿಯೇ. ದಿನದ ಮಾತಿನಲ್ಲಿ ಅದರ ಅರ್ಥ ಹುಡುಕುವುದೇ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಮಾತ್ರ ಈ ಪದ ಗ್ರೀಕಿನ 'ಪೈರಾಸ್ಮೋಸ್'ಗೆ ಬಂದಿದೆ. ಅದಕ್ಕೆ ಪರೀಕ್ಷೆ ಎಂಬ ಅರ್ಥವೂ ಇದೆ, ಪಾಪದ ಸೆಳೆತ ಎಂಬ ಅರ್ಥವೂ ಇದೆ. ಲೂಕ 22:31ರಲ್ಲಿ ಸೈತಾನನು ಶಿಷ್ಯರನ್ನು ಗೋದಿಯ ಹಾಗೆ ಒನೆಯಲು ಕೇಳಿಕೊಂಡನೆಂದು ಯೇಸು ಪೇತ್ರನಿಗೆ ಹೇಳುತ್ತಾನೆ. ಕಲಬುರಗಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಕಣದಲ್ಲಿ ನಿಂತು ನೋಡಿದವರಿಗೆ ಹೊಟ್ಟು ಎತ್ತ ಹಾರುತ್ತದೆ, ಕಾಳು ಎಲ್ಲಿ ಉಳಿಯುತ್ತದೆ ಎಂದು ಗೊತ್ತು.

ಈಗ ಮತ್ತಾಯ 4. ನಲವತ್ತು ದಿನ ಉಪವಾಸವಿದ್ದ ಯೇಸು, ಸೈತಾನನು ಶೋಧಿಸಿದ ಮೂರು ಸಲವೂ ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದಿಂದ: 8:3, 6:16, 6:13. ಇವು ಆತನಿಗೆ ಆ ಗಳಿಗೆಯಲ್ಲಿ ಹೇಗೋ ನೆನಪಾದ ವಾಕ್ಯಗಳಲ್ಲ. ಅಡವಿಯಲ್ಲಿ ನಲವತ್ತು ವರ್ಷ ಅಲೆದ ಇಸ್ರಾಯೇಲ್ಯರಿಗೆ ಮೋಶೆ ಹೇಳಿದ ಮಾತುಗಳು. ಅವರು ರೊಟ್ಟಿಗಾಗಿ ಗೊಣಗಿದರು, ಮಸ್ಸ ಎಂಬ ಜಾಗದಲ್ಲಿ ದೇವರನ್ನು ಪರೀಕ್ಷಿಸಿದರು, ಚಿನ್ನದ ಕರುವಿಗೆ ಅಡ್ಡಬಿದ್ದರು. ಅವರು ಸೋತ ಜಾಗದಲ್ಲೇ ಯೇಸು ನಿಂತನು.

ಎರಡನೆಯ ಶೋಧನೆಯನ್ನು ನಿಧಾನವಾಗಿ ಓದಿ. ದೇವಾಲಯದ ಮೇಲಿಂದ ಧುಮುಕು, ದೇವದೂತರು ಹಿಡಿಯುತ್ತಾರೆ ಎಂದು ಅಲ್ಲಿ ಸೈತಾನನೂ ವಚನ ಹೇಳುತ್ತಾನೆ, ಕೀರ್ತನೆ 91:11-12. ಆದರೆ 'ನಿನ್ನ ಎಲ್ಲಾ ಮಾರ್ಗಗಳಲ್ಲಿ ಕಾಯುವರು' ಎಂಬ ತುಂಡನ್ನು ನುಂಗಿಬಿಡುತ್ತಾನೆ. ಈ ಭಾಗ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಗಂಜ್ ಮಾರುಕಟ್ಟೆಯಲ್ಲಿ.

ನಾನು ಅಲ್ಲಿ ಒಂದು ಅಡತ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ಸಂಜೆ ಗಲ್ಲಾ ಎಣಿಸಿದಾಗ 2,000 ರೂಪಾಯಿ ಹೆಚ್ಚಿಗೆ ಬಂತು. ಪಟ್ಟಿಗಳನ್ನು ತಿರುವಿ ಹಾಕಿದೆ. ಹನ್ನೆರಡು ಚೀಲ ತೊಗರಿ ತಂದಿದ್ದ ರೈತನೊಬ್ಬನಿಗೆ ನಾನೇ ನಾಲ್ಕು ನೋಟು ಕಡಿಮೆ ಎಣಿಸಿ ಕೊಟ್ಟಿದ್ದೆ. ಪಕ್ಕದಲ್ಲಿದ್ದವನು, "ಇಟ್ಕೊಂಡ್ ಬಿಡ್ರಿ, ಯಾರ್ ನೋಡ್ಲಾಕತ್ತಾರ?" ಎಂದ. ನೋಟುಗಳು ಮಡಚಿಕೊಂಡು ಅಂಗಿಯ ಜೇಬಿಗೆ ಹೋದವು. ಮಗಳ ಶಾಲೆಯ ಫೀಸು ಬಾಕಿಯಿತ್ತು. ಮನಸ್ಸು ಹೇಳಿತು: 'ಪ್ರಾರ್ಥನೆ ಮಾಡಿದ್ದೆಯಲ್ಲ, ದೇವರು ಒದಗಿಸಿದ್ದಾನೆ.' ನನ್ನೊಳಗಿನ ಕಳ್ಳತನಕ್ಕೆ ವಚನದ ಬಟ್ಟೆ ಉಡಿಸುತ್ತಿದ್ದೆ. ಅದು ಹೊಳೆದಾಗ ಮೈ ಬೆವರಿತು.

ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಈ ವಚನ, 1 ಕೊರಿಂಥ 10:13, ಹೇಳುವಂತೆ ದೇವರು ನಂಬಿಗಸ್ತನು. ನಮ್ಮ ಶಕ್ತಿ ಮೀರಿದ ಶೋಧನೆಯನ್ನು ಬರಗೊಡುವುದಿಲ್ಲ, ಶೋಧನೆಯೊಂದಿಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ಸಿದ್ಧಮಾಡುತ್ತಾನೆ. 'ಒಂದಿಗೇ' ಎಂಬುದರ ಕೆಳಗೆ ಗೆರೆ ಎಳೆಯಿರಿ. ಆ ರೈತನ ಮೊಬೈಲ್ ನಂಬರನ್ನು ಪಟ್ಟಿಯ ಹಿಂದೆ ಮಧ್ಯಾಹ್ನವೇ ನಾನೇ ಬರೆದಿಟ್ಟಿದ್ದೆ. ನೋಟು ಜೇಬಿಗೆ ಬೀಳುವ ಮೊದಲೇ ಬಾಗಿಲು ಅಲ್ಲಿತ್ತು. ಮನಸ್ಸು ಇನ್ನೊಂದು ನೆಪ ಹುಡುಕುವ ಮೊದಲು ಫೋನ್ ಹಚ್ಚಿದೆ. "ಹೌದೇನ್ರೀ? ನಾ ಎಣಿಸೇ ಇಲ್ಲ ನೋಡ್ರಿ. ನಾಳಿ ಬರ್ತೀನಿ," ಎಂದ ಆತ. ಆತ ನನ್ನನ್ನು ನಂಬಿ ಎಣಿಸಿರಲಿಲ್ಲ.

ಪೌಲನು ಮುಂದಿನ ವಚನದಲ್ಲೇ ವಿಗ್ರಹಾರಾಧನೆಯಿಂದ ಓಡಿಹೋಗಿರಿ ಎನ್ನುತ್ತಾನೆ. ಬಾಗಿಲ ಮುಂದೆ ನಿಂತು ವಾದಿಸಲು ಹೇಳುವುದಿಲ್ಲ. ಆದಿಕಾಂಡ 39ರ ಯೋಸೇಫನು ತನ್ನನ್ನು ಪಾಪಕ್ಕೆ ಸೆಳೆದ ಯಜಮಾನನ ಹೆಂಡತಿಯ ಕೈಯಲ್ಲೇ ಮೇಲಂಗಿಯನ್ನು ಬಿಟ್ಟು ಓಡಿದನು. ಅವನು ಓಡಿ ಸೇರಿದ್ದು ಸೆರೆಮನೆಯನ್ನು. ತಪ್ಪಿಸಿಕೊಂಡವನಿಗೆ ಅಂದೇ ಬಹುಮಾನ ಸಿಗುತ್ತದೆಂದು ಹೊಸಬರಿಗೆ ಹೇಳಬೇಡಿ, ದಯವಿಟ್ಟು. ನಾಳೆ ಅವರ ನಂಬಿಕೆ ಅಲ್ಲೇ ಎಡವುತ್ತದೆ.

ಇನ್ನೊಂದು ಮಾತು. ಈ ವಚನದ 'ನೀವು' ಗೌರವದ ನೀವು ಅಲ್ಲ, ಬಹುವಚನ. ಪೌಲನು ಬರೆದದ್ದು ಇಡೀ ಸಭೆಗೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲೂ 'ನನ್ನನ್ನು' ಎಂದಿಲ್ಲ, 'ನಮ್ಮನ್ನು ಶೋಧನೆಯೊಳಗೆ ಸೇರಿಸದೆ' ಎಂದಿದೆ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಕೈಬಿಡಲಾಗದ ತಮ್ಮನಿಗೆ ಆ ಬಾಗಿಲು ನಮ್ಮಲ್ಲೊಬ್ಬರ ಫೋನ್ ನಂಬರೇ ಆಗಿರಬಹುದು. ಕೊಟ್ಟಿಡಿ, ಕರೆ ಬಂದರೆ ಎತ್ತಿ.

ಮುಂದಿನ ಶುಕ್ರವಾರಕ್ಕೆ ಯಾಕೋಬ 1:13-15 ಓದಿಕೊಂಡು ಬನ್ನಿ. ದುರಾಶೆ ಬಸುರಾಗುವುದು, ಪಾಪವನ್ನು ಹೆರುವುದು ಅಲ್ಲಿದೆ. ಅಕ್ಕಂದಿರು ಆ ಹೋಲಿಕೆಯ ಬಗ್ಗೆ ಮೊದಲು ಮಾತಾಡಲಿ.