ಟ್ರಾಲಿ ಹಚ್ಚಿದ ಮೇಲೆ ಯಾವ ಲೈಸೆನ್ಸ್ ಬೇಕು?

ದಸರಾ ಮುಗಿದು ಕಬ್ಬಿನ ಹಂಗಾಮು ಹತ್ತಿರ ಬಂದಂತೆ, ಆಳಂದ, ಅಫಜಲಪುರ ಕಡೆಯ ಟ್ರ್ಯಾಕ್ಟರ್ ಮಾಲೀಕರು ಕಲಬುರಗಿಯ ನನ್ನ ಕಚೇರಿಗೆ ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ. “ಹುಡುಗನ ಹತ್ರ ಕಾರಿನ ಲೈಸೆನ್ಸ್ ಅದರಿ ವಕೀಲ ಸಾಹೇಬ್ರ, ಹೆವಿ ಇಲ್ಲ. ಟ್ರಾಲಿ ಹಚ್ಚಿದ್ರ ನಡೀತದೇನ್ರಿ?” ಅಪಘಾತ ಪರಿಹಾರದ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ನನಗೆ, ಈ ಪ್ರಶ್ನೆ ಅಪಘಾತವಾದ ಮೇಲೆ ಬರುವುದಕ್ಕಿಂತ ಮೊದಲೇ ಬಂದರೆ ನಿಜವಾಗಿ ಸಮಾಧಾನವಾಗುತ್ತದೆ.

ಉತ್ತರ 1988ರ ಮೋಟಾರು ವಾಹನ ಕಾಯ್ದೆಯ 2(21)ನೇ ಕಲಮಿನಲ್ಲಿದೆ. ಲಘು ಮೋಟಾರು ವಾಹನ, ಅಂದರೆ ಎಲ್‌ಎಂವಿ, ಯಾವುದೆಂಬುದನ್ನು ಅಲ್ಲಿ ಎರಡು ಬಗೆಯ ತೂಕದಿಂದ ಅಳೆಯಲಾಗಿದೆ. ಸಾರಿಗೆ ವಾಹನಕ್ಕಾದರೆ ಸರಕು ಸಮೇತ ಒಟ್ಟು ತೂಕವನ್ನು ನೋಡಬೇಕು. ಕಾರು ಮತ್ತು ಟ್ರ್ಯಾಕ್ಟರಿಗೆ ಖಾಲಿ ವಾಹನದ ತೂಕವನ್ನಷ್ಟೇ ನೋಡಬೇಕು. ಎರಡಕ್ಕೂ ಮಿತಿ 7,500 ಕಿಲೋ. ನಮ್ಮ ಹೊಲಗಳಲ್ಲಿ ಓಡಾಡುವ 50 ಎಚ್‌ಪಿ ಟ್ರ್ಯಾಕ್ಟರಿನ ಖಾಲಿ ತೂಕ ಎರಡು ಟನ್ನಿನ ಆಸುಪಾಸಿನಲ್ಲಿರುವುದರಿಂದ ಅದು ನಿರಾಯಾಸವಾಗಿ ಎಲ್‌ಎಂವಿ ವರ್ಗಕ್ಕೆ ಸೇರುತ್ತದೆ. ಸೇಡಂ, ವಾಡಿ ಕಡೆಯಿಂದ ಸಿಮೆಂಟ್ ಹೊತ್ತು ಬರುವ ಭಾರಿ ಟ್ರೇಲರ್ ಲಾರಿಗಳ ಮಾತು ಬೇರೆ. ಅವುಗಳ ಚಾಲಕನಿಗೆ ಸಾರಿಗೆ ವಾಹನದ ಲೈಸೆನ್ಸ್ ಬೇಕು, ಇಪ್ಪತ್ತು ವರ್ಷ ತುಂಬಿರಬೇಕು.

ಟ್ರಾಲಿ ಜೋಡಿಸಿದೊಡನೆ ಟ್ರ್ಯಾಕ್ಟರ್ ಸರಕು ಸಾಗಣೆ ವಾಹನವಾಗಿ ಮಾರ್ಪಟ್ಟು, ಚಾಲಕನ ಲೈಸೆನ್ಸ್ ನಿರರ್ಥಕವಾಗುತ್ತದೆ ಎಂದು ವಿಮಾ ಕಂಪನಿಗಳು ಬಹುಕಾಲ ವಾದಿಸಿದವು. ನಮ್ಮ ರಾಜ್ಯದಿಂದಲೇ ಹೋದ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಮುಂದೆ 2017ರ ಮುಕುಂದ್ ದೇವಾಂಗನ್ ತೀರ್ಪು, 7,500 ಕಿಲೋ ಒಳಗಿನ ಸಾರಿಗೆ ವಾಹನ ಓಡಿಸಲೂ ಎಲ್‌ಎಂವಿ ಲೈಸೆನ್ಸ್ ಸಾಕು, ಅದರ ಮೇಲೆ ಪ್ರತ್ಯೇಕ ನಮೂದು ಬೇಡ ಎಂದಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನೇ ಎತ್ತಿಹಿಡಿಯಿತು.

ಮಗ ಜರ್ಮನಿಯಲ್ಲಿರುವ ಬೀದರಿನ ಹಿರಿಯರೊಬ್ಬರು, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪರ್ ಟ್ರೇಲರಿಗೂ ಇದೇ ನಿಯಮವೇ ಎಂದು ಕೇಳಿದ್ದರು. ನಮ್ಮಲ್ಲಿ 2004ರ ಕೇಂದ್ರ ಅಧಿಸೂಚನೆ, ಸ್ವಂತ ಬಳಕೆಯ ಕ್ಯಾಂಪರ್ ಟ್ರೇಲರನ್ನು ಕೃಷಿ ಟ್ರ್ಯಾಕ್ಟರಿನ ಜೊತೆಗೇ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಇರಿಸಿದೆ. ಯುರೋಪಿನ ಲೆಕ್ಕ ಬೇರೆ: ಅಲ್ಲಿ ಕಾರಿನ ಬಿ ವರ್ಗದ ಲೈಸೆನ್ಸಿನ ಮೇಲೆ 750 ಕಿಲೋವರೆಗಿನ ಟ್ರೇಲರ್ ಎಳೆಯಬಹುದು, ಅದಕ್ಕಿಂತ ಭಾರವಾದದ್ದಾದರೆ ಕಾರು, ಟ್ರೇಲರ್ ಕೂಡಿ 3,500 ಕಿಲೋ ಮೀರಬಾರದು, ಮೀರಿದರೆ ಹೆಚ್ಚಿನ ತರಬೇತಿ ಇಲ್ಲವೇ ಪರೀಕ್ಷೆ ಕಡ್ಡಾಯ. ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ಕ್ರಮ. ಕಾರಿನಲ್ಲಿ ಪರೀಕ್ಷೆ ಕೊಟ್ಟ ಹುಡುಗನಿಗೆ, ತುಂಬಿದ ಟ್ರಾಲಿ ಇಳಿಜಾರಿನಲ್ಲಿ ಹಿಂದಿನಿಂದ ಹೇಗೆ ನೂಕುತ್ತದೆ, ರಿವರ್ಸ್ ತೆಗೆಯುವಾಗ ಸ್ಟೇರಿಂಗ್ ಎತ್ತ ತಿರುಗಿಸಿದರೆ ಟ್ರಾಲಿ ಎತ್ತ ಹೋಗುತ್ತದೆ ಎಂಬುದು ತಿಳಿದಿರಲಾರದು. ಅದನ್ನು ಖಾಲಿ ಹೊಲದಲ್ಲಿ ಕಲಿಸುವ ಹೊಣೆ ಮಾಲೀಕನದೇ.

ಇಷ್ಟಾದರೂ, ನಾನು ಸೋತ ಪ್ರಕರಣಗಳು ವರ್ಗದ ಪ್ರಶ್ನೆಯಿಂದ ಸೋತವಲ್ಲ, ತಾರೀಖಿನಿಂದ ಸೋತವು. ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ತಮ್ಮ ಚಾಲಕನ ಲೈಸೆನ್ಸನ್ನು ನನ್ನ ಮೇಜಿನ ಮೇಲಿಟ್ಟರು. ವರ್ಗ ಸರಿಯಿತ್ತು, ಫೋಟೊ ಸರಿಯಿತ್ತು. ಆದರೆ ಅವಧಿ ಅಪಘಾತಕ್ಕೆ ಮೂರು ವಾರ ಮೊದಲೇ ಮುಗಿದಿತ್ತು. ಹಿಂದೆ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಊರ್ಜಿತವಾಗಿರುತ್ತಿತ್ತು. 2019ರ ತಿದ್ದುಪಡಿ ಆ ರಿಯಾಯಿತಿಯನ್ನು ತೆಗೆದುಹಾಕಿದೆ. ಅವಧಿ ಮುಗಿದ ಒಂದು ವರ್ಷದೊಳಗೆ ಪರೀಕ್ಷೆಯಿಲ್ಲದೆ ನವೀಕರಿಸಬಹುದು ನಿಜ, ಆದರೆ ನವೀಕರಣ ಜಾರಿಗೆ ಬರುವುದು ನವೀಕರಿಸಿದ ದಿನದಿಂದ, ನಡುವಿನ ದಿನಗಳಿಗೆ ರಕ್ಷಣೆಯಿಲ್ಲ. ನ್ಯಾಯಮಂಡಳಿ ಗಾಯಾಳುವಿಗೆ ಮೊದಲು ವಿಮಾ ಕಂಪನಿಯೇ ಹಣ ಕೊಟ್ಟು, ಬಳಿಕ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶಿಸಿತು. ಆ ರೈತರು ಎರಡೆಕರೆ ತೊಗರಿ ಹೊಲವನ್ನು ಅಡವಿಟ್ಟರು. ಆ ಲೈಸೆನ್ಸನ್ನು ನಾನು ಮೂರು ವಾರ ಮುಂಚೆ ನೋಡಿದ್ದರೆ ಎಂಬ ನೋವು ನನ್ನಲ್ಲಿ ಇಂದಿಗೂ ಇದೆ.

ಚಾಲಕನನ್ನು ಇಟ್ಟುಕೊಳ್ಳುವಾಗ ಲೈಸೆನ್ಸನ್ನು ಎಚ್ಚರದಿಂದ ಪರಿಶೀಲಿಸಿದ ಮಾಲೀಕನ ಪರ ಕಾನೂನು ನಿಲ್ಲುತ್ತದೆ. 2004ರ ಸ್ವರ್ಣ ಸಿಂಗ್ ತೀರ್ಪಿನ ಪ್ರಕಾರ, ಹೊಣೆಯಿಂದ ತಪ್ಪಿಸಿಕೊಳ್ಳಬೇಕಾದರೆ ಮಾಲೀಕನ ನಿರ್ಲಕ್ಷ್ಯವನ್ನು ವಿಮಾ ಕಂಪನಿಯೇ ಸಾಬೀತುಪಡಿಸಬೇಕು. ಆದ್ದರಿಂದ ಲೈಸೆನ್ಸಿನ ಎರಡೂ ಬದಿಯ ಪ್ರತಿ ಇಟ್ಟುಕೊಳ್ಳಿ, ಸಾರಥಿ ಜಾಲತಾಣದಲ್ಲಿ ಅದರ ಸ್ಥಿತಿ ನೋಡಿ, ಅವಧಿ ಮುಗಿಯುವ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಚಾಲಕ ನಲವತ್ತು ದಾಟಿದ್ದರೆ ನವೀಕರಣಕ್ಕೆ ವೈದ್ಯಕೀಯ ಪ್ರಮಾಣಪತ್ರವೂ ಬೇಕಾಗುವುದರಿಂದ ಒಂದು ತಿಂಗಳು ಮೊದಲೇ ಓಡಾಡುವುದು ಒಳ್ಳೆಯದು. ಲೈಸೆನ್ಸ್ ಇಲ್ಲದವನಿಗೆ ವಾಹನ ಕೊಟ್ಟರೆ ಐದು ಸಾವಿರ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹದಿನೆಂಟು ತುಂಬದ ಮಗನ ಕೈಗೆ ಕೊಟ್ಟರೆ 25,000 ದಂಡದ ಜೊತೆಗೆ ಮೂರು ವರ್ಷದವರೆಗೆ ಜೈಲು.

ಇನ್ನು ಟ್ರಾಲಿ. ಕಾನೂನಿನ ಕಣ್ಣಿನಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಆದ್ದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ವಿಮೆಯ ಪಾಲಿಸಿಯಲ್ಲಿ ಅದರ ಉಲ್ಲೇಖವೂ ಇರಬೇಕು. ಜಾತ್ರೆಗೋ ಮದುವೆಗೋ ಟ್ರಾಲಿಯಲ್ಲಿ ಜನರನ್ನು ಕೂರಿಸಿಕೊಂಡು ಹೋದರೆ ಸರಕು ವಾಹನದ ವಿಮೆ ಅವರನ್ನು ಕಾಯುವುದಿಲ್ಲ. ಕಲಮು 61ರ ಪ್ರಕಾರ ಎಳೆಯುವ ಟ್ರ್ಯಾಕ್ಟರಿನ ನಂಬರ್ ಟ್ರಾಲಿಯ ಮೇಲೂ, ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯ ಟ್ರಾಲಿಯ ಮೇಲೂ ಇರಬೇಕು. ಕಬ್ಬಿನ ಸೋಗೆ ಜೋತುಬಿದ್ದು ಆ ನಂಬರನ್ನು ಮರೆಮಾಡದಂತೆ, ಹೊಲದಿಂದ ರಸ್ತೆಗೆ ಏರುವ ಮೊದಲು ಒಮ್ಮೆ ಇಳಿದು ಹಿಂದೆ ಹೋಗಿ ನೋಡುವಂತೆ ನಿಮ್ಮ ಚಾಲಕನಿಗೆ ಹೇಳಿ.